ದೊಡ್ಡಮ್ಮನ ಬಂಡೆಯ ಮೇಲೆ ನನ್ನ ಯೋಗಿ

ನನ್ನ ಕಾದಂಬರಿಯ ಯೋಗಿಗೆ ಚುಟ್ಟಾ ಸೇದುವ ಅಭ್ಯಾಸವಿರಲಿಲ್ಲ. ಅದನ್ನು ಅವನು ಪುಸ್ತಕ ಅಚ್ಚಾದ ಮೇಲೆ ಕಲಿತ.

ಸುಳ್ಳು ಎನ್ನುವವರು ನಮ್ಮ ಮನೆಗೆ ಬಂದು ನೋಡಬಹುದು. ಅರ್ಧ ಸುಟ್ಟ ಆ ಚುಟ್ಟಾ ನನ್ನ ಬರೆಯುವ ಮೇಜಿನ ಮೇಲೆ, ಪೆನ್ನುಗಳ ಲೋಟಕ್ಕೆ ಒರಗಿಕೊಂಡು ಬಿದ್ದಿದೆ. ನನ್ನ ಹೆಂಡತಿ ದಿನಾ ಬೆಳಿಗ್ಗೆ ಅದನ್ನು ಎರಡು ಬೆರಳಿನಲ್ಲಿ ಎತ್ತಿ, ಮೇಜು ಒರೆಸಿ, ಮತ್ತೆ ಅಲ್ಲಿಯೇ ಇಡುತ್ತಾಳೆ. ಚುಟ್ಟಾ ಆದ್ದರಿಂದ ಅವಳಿಗೆ ಅದು ಬೇಡ; ಪ್ರಸಾದ ಆದ್ದರಿಂದ ಎಸೆಯುವಂತಿಲ್ಲ. ಮದುವೆಯಾದಾಗಿನಿಂದ ನನ್ನ ಸಾಹಿತ್ಯದ ಬಗ್ಗೆ ಅವಳು ಇಷ್ಟು ಭಯಭಕ್ತಿ ತೋರಿಸಿದ್ದು ಇದೇ ಮೊದಲು.

ನಾನು ಯೋಗಿಗಳ ಮೇಲೆ ಕಾದಂಬರಿ ಬರೆಯುವವನು. ಮನೆ ಹೊಸೂರಿನಲ್ಲಿ, ಕೆಲಸ ಅತ್ತಿಬೆಲೆ ದಾಟಿದ ಮೇಲೆ ಸಿಗುವ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ. ಹಗಲೆಲ್ಲ ಬೇರಿಂಗು, ಬೋಲ್ಟು, ಗ್ರೀಸು ಡಬ್ಬಿಗಳನ್ನು ಕೊಟ್ಟು ರುಜು ಹಾಕಿಸಿಕೊಳ್ಳುತ್ತೇನೆ. ಮಿಕ್ಕ ಹೊತ್ತಿನಲ್ಲಿ ಜನರನ್ನು ಸಮಾಧಿಗೆ ಕೂರಿಸುತ್ತೇನೆ. ಓದುಗರು ಮೊದಲ ಸಲ ನನ್ನನ್ನು ಕಂಡಾಗ ಅವರ ಮುಖ ಸ್ವಲ್ಪ ಇಳಿಯುತ್ತದೆ. ಗಡ್ಡ ಇಲ್ಲ, ಕಾವಿ ಇಲ್ಲ, ಕಣ್ಣಿನಲ್ಲಿ ತೇಜಸ್ಸಿನ ಜಾಗದಲ್ಲಿ ಪೊರೆ ಬರುತ್ತಿದೆ ಎಂದು ವೈದ್ಯರು ಹೇಳಿದ್ದಾರೆ. ಒಬ್ಬರಂತೂ ಕಾಲಿಗೆ ಬೀಳಲೆಂದು ಬಗ್ಗಿದವರು, ನನ್ನ ಸೇಫ್ಟಿ ಶೂ ನೋಡಿ ಅರ್ಧದಲ್ಲೇ ಎದ್ದು ನಿಂತರು.

ಆಸನಗಳ ವಿಷಯದಲ್ಲಿ ನನ್ನ ಸಾಧನೆ ಒಂದೇ ದಿನದ್ದು. ಅನುಭವವಿಲ್ಲದೆ ಬರೆಯಬಾರದು ಎಂದು ಯಾರೋ ಹೇಳಿದ್ದನ್ನು ನಂಬಿ ಒಂದು ಭಾನುವಾರ ಪದ್ಮಾಸನ ಹಾಕಿದೆ. ಬಲಗಾಲು ಹೋಯಿತು, ಎಡಗಾಲೂ ಹೋಯಿತು, ಎರಡೂ ವಾಪಸು ಬರಲಿಲ್ಲ. ಹೆಂಡತಿ ಒಂದು ಕಡೆಯಿಂದ, ಪಕ್ಕದ ಮನೆಯ ತಮಿಳು ಮೇಷ್ಟ್ರು ಇನ್ನೊಂದು ಕಡೆಯಿಂದ ಹಿಡಿದು ಬಿಡಿಸಿದರು. ಮಂಡಿಯ ವೈದ್ಯರು ನಾನು ನೆಲದ ಮೇಲೆ ಕೂರುವುದನ್ನೇ ನಿಲ್ಲಿಸಿಬಿಟ್ಟರು. ಅಂದಿನಿಂದ ನನ್ನ ಯೋಗಿಗಳೆಲ್ಲ ಮುಕ್ತಿಗೆ ಹೋಗಿರುವುದು ಪ್ಲಾಸ್ಟಿಕ್ ಕುರ್ಚಿಯ ಮೇಲಿನಿಂದ.

ಕುಂಡಲಿನಿಯನ್ನು ಎಬ್ಬಿಸಿದ್ದು ಮಾತ್ರ ಜೂಜುವಾಡಿಯಲ್ಲಿ. ಅಲ್ಲಿ ತಮಿಳುನಾಡಿನ ಗಡಿಯ ಹತ್ತಿರ ಲಾರಿಗಳು ಸಾಲುಗಟ್ಟಿ ನಿಂತರೆ ನಮ್ಮ ಕಂಪನಿ ಬಸ್ಸಿಗೂ ಬೇರೆ ದಾರಿಯಿಲ್ಲ. ಆ ಪುರುಸೊತ್ತಿನಲ್ಲಿ ಊಟದ ಡಬ್ಬಿಯ ಮೇಲೆ ಕಾಗದ ಇಟ್ಟುಕೊಂಡು ಮೂಲಾಧಾರದಿಂದ ಶುರುಮಾಡಿದೆ. ಟೀ ಅಂಗಡಿಗಳ ಸಾಲು ದಾಟುವಷ್ಟರಲ್ಲಿ ಮಣಿಪೂರಕ್ಕೆ ಬಂದಿತ್ತು. ಅನಾಹತದ ಹತ್ತಿರ ಒಬ್ಬ ಲಾರಿ ಡ್ರೈವರು ಹಾರನ್ ಒತ್ತಿ ಹಿಡಿದ. ಅದನ್ನು ನಾದಾನುಭವ ಎಂದು ಬರೆದುಕೊಂಡೆ. ಅತ್ತಿಬೆಲೆಯಲ್ಲಿ ದಾರಿ ಬಿಟ್ಟಿತು, ಬಸ್ಸು ಓಡಿತು, ಕುಂಡಲಿನಿ ವಿಶುದ್ಧಿಯಲ್ಲೇ ನಿಂತಿತು. ಮಿಕ್ಕದ್ದು ಮಾರನೆಯ ದಿನ. ಈ ಅಧ್ಯಾಯವನ್ನು ಓದಿದ ಒಬ್ಬ ವಿಮರ್ಶಕರು ಲೇಖಕರ ಸ್ವಂತ ಸಾಧನೆ ಪುಟಪುಟದಲ್ಲೂ ಎದ್ದು ಕಾಣುತ್ತದೆ ಎಂದು ಬರೆದರು.

ಸಾಧನೆ ಇದ್ದದ್ದೇನೋ ನಿಜ. ಆದರೆ ಅದು ನನ್ನದಲ್ಲ, ನಮ್ಮ ದೊಡ್ಡಮ್ಮನದು. ಆದ್ದರಿಂದ ನೀವು ಸ್ವಲ್ಪ ನಮ್ಮ ಊರಿನ ತನಕ ಬರಬೇಕು. ರಾಯಕೋಟೆಯಲ್ಲಿ ಇಳಿದು ಬಸ್ಸು ಬದಲಾಯಿಸಿ. ಟೊಮೇಟೊ ಕ್ರೇಟುಗಳ ಮೇಲೆ ಕೂರಲು ಸಿದ್ಧರಿದ್ದರೆ ಜಾಗ ಸಿಗುತ್ತದೆ.

ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳುವಿಗೆ ಗಲಾಟೆ ಆಗದು, ಎಣ್ಣೆ ಕೈ ಆಗದು, ಒಗ್ಗರಣೆ ಘಾಟು ಆಗದು. ಇವೆಲ್ಲ ನನ್ನಲ್ಲಿ ಒಟ್ಟಿಗೇ ಇದ್ದುದರಿಂದ, ಅವ್ವ ಸೊಪ್ಪು ಹಾಕುವ ಮೊದಲು ನನ್ನನ್ನು ಹೊರಗೆ ಹಾಕುತ್ತಿದ್ದಳು. ಬಾಗಿಲ ಸಂದಿನಿಂದ ನೋಡುತ್ತಿದ್ದೆ. ಹುಳು ಜ್ವರಕ್ಕೆ ಕೂರುವುದು ಎಂದು ಹೇಳುತ್ತಾರಲ್ಲ, ಪೊರೆ ಬಿಡುವ ಮುಂಚೆ ಅದು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಇದ್ದುಬಿಡುತ್ತದೆ. ತಟ್ಟೆ ತುಂಬ ಹಾಗೆ ತಲೆ ಎತ್ತಿ ಕೂತ ಹುಳುಗಳು. ಮುಂದೆ ಅದು ನನ್ನ ಮೊದಲ ಕಾದಂಬರಿಯಲ್ಲಿ ಹಿಮಾಲಯದ ಒಂದು ಆಶ್ರಮವಾಗಿ ಬಂತು. ಹಿಮಾಲಯವನ್ನು ನಾನು ಇವತ್ತಿಗೂ ನೋಡಿಲ್ಲ.

ಹೊರಗೆ ಹಾಕಿಸಿಕೊಂಡವನು ಹೋಗುತ್ತಿದ್ದದ್ದು ದೊಡ್ಡಮ್ಮನ ಹತ್ತಿರ. ದೊಡ್ಡಮ್ಮ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ಪಿಳ್ಳಮ್ಮ. ಊರ ಹಿಂದೆ ಒಂದು ದೊಡ್ಡ ಹಾಸುಬಂಡೆ ಇದೆ. ಅದರ ಅಂಚಿಗೆ ಒಂದು ಹುಣಸೇಮರ, ನಡುವೆ ಮಳೆನೀರು ನಿಲ್ಲುವ ಒಂದು ಬೋಗುಣಿಯಷ್ಟು ತಗ್ಗು. ಸರ್ಕಾರದ ಕಾಗದದಲ್ಲಿ ಅದು ಪೊರಂಬೋಕು, ಯಾರದ್ದೂ ಅಲ್ಲದ ಜಾಗ. ಊರಿನ ಲೆಕ್ಕದಲ್ಲಿ ಪಿಳ್ಳಮ್ಮನ ಬಂಡೆ. ರಾಗಿ, ಹುರುಳಿ, ಅವರೆ, ಹುಣಸೆಹಣ್ಣು, ಯಾರು ಏನು ಒಣಹಾಕಬೇಕಾದರೂ ಅವಳನ್ನು ಕೇಳಿ ಹಾಕುತ್ತಿದ್ದರು. ಯಾಕೆ ಕೇಳಬೇಕು ಎಂದು ಯಾರೂ ಕೇಳಿರಲಿಲ್ಲ. ಕಾಯುವವಳು ಅವಳು.

ಅವಳು ಕಾಯುತ್ತಿದ್ದ ರೀತಿಯನ್ನು ನೀವು ನೋಡಬೇಕಿತ್ತು. ಎಡಗಾಲು ಒಳಕ್ಕೆ ಮಡಚಿ, ಬಲಗಾಲನ್ನು ಅದರ ಮೇಲೆ ತಂದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಬೆನ್ನು ನೆಟ್ಟಗೆ. ತೊಡೆಯ ಮೇಲೆ ತುದಿಗೆ ಹಳೇ ಬಟ್ಟೆ ಕಟ್ಟಿದ ಬಿದಿರಿನ ಗಳ. ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಬಿಸಿಲು ನೆತ್ತಿಯಿಂದ ಬೆನ್ನಿಗೆ ಬಂದರೂ ಅವಳು ಕದಲುತ್ತಿರಲಿಲ್ಲ. ಕೋಳಿಯೊಂದು ರಾಗಿಯ ಅಂಚಿಗೆ ಕಾಲಿಟ್ಟರೆ ಗಳ ಮಾತ್ರ ಎದ್ದು, ಕೆಲಸ ಮುಗಿಸಿ, ತೊಡೆಗೆ ವಾಪಸು ಬರುತ್ತಿತ್ತು. ಕಣ್ಣು ಅಷ್ಟೇ ಅರ್ಧ ಮುಚ್ಚಿರುತ್ತಿತ್ತು.

ನಾನು ಅವಳ ಪಕ್ಕದಲ್ಲಿ ಮಲಗಿ ಅವಳ ಉಸಿರು ಕೇಳುತ್ತಿದ್ದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತಾಗುತ್ತಿತ್ತೆಂದರೆ ನನಗೆ ಹೆದರಿಕೆಯಾಗಿ ಅವಳ ಸೊಂಟಕ್ಕೆ ತಿವಿಯುತ್ತಿದ್ದೆ.

“ದೊಡ್ಡಮ್ಮಾ, ಇದ್ದೀಯಾ?”

“ಎಲ್ಲೋಗ್ಲಿ? ರಾಗಿ ಒಣಗ್ಬೇಕಲ್ಲ.”

ನನ್ನ ನಾಲ್ಕನೆಯ ಕಾದಂಬರಿ ‘ಗಾಳಿಯನ್ನುಂಡವನು’ ಹುಟ್ಟಿದ್ದು ಇಷ್ಟರಿಂದಲೇ. ಅದರ ನಾಯಕ ವಾಯುನಾಥ, ಒಂದು ಹಾಸುಬಂಡೆಯ ಮೇಲೆ ಸಿದ್ಧಾಸನದಲ್ಲಿ ನಲವತ್ತು ವರ್ಷ ಗಾಳಿಯನ್ನು ಮಾತ್ರ ಉಂಡು ಕೂತ ಯೋಗಿ. ಅವನ ಶಿಷ್ಯ ಗಾಬರಿಯಾಗಿ, ಗುರುವೇ ಇರುವಿರಾ ಎಂದು ಕೇಳುತ್ತಾನೆ. ಒಣಗಬೇಕಾದದ್ದು ಒಣಗುವ ತನಕ ಇರುತ್ತೇನೆ ಎಂದು ವಾಯುನಾಥ ಹೇಳುತ್ತಾನೆ. ಈ ಸಾಲಿನ ಕೆಳಗೆ ಗೆರೆ ಎಳೆದುಕೊಂಡಿದ್ದೇವೆ ಎಂದು ಎಷ್ಟೋ ಜನ ನನಗೆ ಹೇಳಿದ್ದಾರೆ. ವಾಸನಾಕ್ಷಯದ ಬಗ್ಗೆ, ಅಂದರೆ ಒಳಗಿನ ಆಸೆಗಳು ಒಣಗುವುದರ ಬಗ್ಗೆ, ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲವಂತೆ.

ಎಡವಟ್ಟಾದದ್ದು ಬೇರೆ ಕಡೆ. ನನಗಿರುವ ಕಲ್ಪನಾಶಕ್ತಿ ಸ್ವಲ್ಪ. ಅದನ್ನೆಲ್ಲ ಸಮಾಧಿಗೆ ಖರ್ಚು ಮಾಡಿಬಿಟ್ಟಿದ್ದರಿಂದ ಬಂಡೆಗೆ ಏನೂ ಉಳಿದಿರಲಿಲ್ಲ. ಬಂಡೆಯನ್ನು ಇದ್ದಂತೆಯೇ ಬರೆದೆ. ಹುಣಸೇಮರ, ನೀರಿನ ತಗ್ಗು, ಅಲ್ಲಿಂದ ಕಾಣುವ ರಾಯಕೋಟೆಯ ದುರ್ಗ, ಎಲ್ಲ ಬಂತು. ಊರಿನ ಹೆಸರು ಬದಲಾಯಿಸಿದ್ದೇನೆ, ಸಾಕು ಅಂದುಕೊಂಡೆ. ಮೇಲಾಗಿ ನಮ್ಮೂರಿನಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆಯೇ ಹೊರತು ಓದುವುದು ತಮಿಳು. ಹೊಸೂರಿನ ಕನ್ನಡ ಶಾಲೆಗೆ ಹೋದ ನನ್ನಂಥ ಒಬ್ಬಿಬ್ಬರನ್ನು ಬಿಟ್ಟರೆ ಆ ಪುಸ್ತಕವನ್ನು ಅಲ್ಲಿ ಯಾರೂ ಓದುವ ಹಾಗಿರಲಿಲ್ಲ.

ಓದಿದವರು ಬೆಂಗಳೂರಿನವರೊಬ್ಬರು. ನಿವೃತ್ತ ಬ್ಯಾಂಕ್ ಅಧಿಕಾರಿ, ದಿನಾ ಪ್ರಾಣಾಯಾಮ ಮಾಡುವವರು, ಸಭ್ಯರು. ದುರ್ಗ ನೋಡಲು ಬಂದವರಿಗೆ ದಾರಿಯಲ್ಲಿ ಹುಣಸೇಮರವೂ ಬಂಡೆಯೂ ಕಂಡಿವೆ. ಕಾರಿನಲ್ಲಿ ಪುಸ್ತಕವಿತ್ತು. ತಾಳೆ ನೋಡಿದರು. ಎಲ್ಲ ಸರಿಹೋಯಿತು. ಮಟಮಟ ಮಧ್ಯಾಹ್ನ ಶೂ ಬಿಚ್ಚಿ, ಬಂಡೆ ಹತ್ತಿ, ದೊಡ್ಡಮ್ಮ ಒಣಹಾಕಿದ್ದ ಹುಣಸೆಹಣ್ಣಿನ ಪಕ್ಕದಲ್ಲಿ ಉದ್ದಂಡ ನಮಸ್ಕಾರ ಹಾಕಿದರು. ತಲೆಸುತ್ತು ಬಂದು ಬಿದ್ದನೆಂದು ದೊಡ್ಡಮ್ಮ ಮುಖಕ್ಕೆ ನೀರು ಎರಚಿದಳು. ಅವರು ಅದನ್ನು ತೀರ್ಥವೆಂದು ಕಣ್ಣಿಗೆ ಒತ್ತಿಕೊಂಡರು. ಇಲ್ಲಿ ಯೋಗಿಯೊಬ್ಬರು ಕೂತಿದ್ದಾರೆ, ಪುಸ್ತಕದಲ್ಲಿದೆ ಎಂದು ಹೇಳಿ, ಕರ್ಪೂರ ಹಚ್ಚಿ, ಪುಸ್ತಕವನ್ನು ಅಲ್ಲಿಯೇ ಇಟ್ಟು ಹೊರಟುಹೋದರು.

ಆ ಸಂಜೆ ತಿಮ್ಮರಾಯಪ್ಪ ಮಾವನ ಟೀ ಅಂಗಡಿಯಲ್ಲಿ ಇದೇ ಮಾತು. ತಿಮ್ಮರಾಯಪ್ಪ ಸಂಬಂಧದಲ್ಲಿ ನನಗೆ ಮಾವನಾಗಬೇಕು. ಹಿಂದೆ ಪಂಚಾಯಿತಿ ಮೆಂಬರಾಗಿದ್ದವರು; ಸ್ಥಾನ ಹೋದರೂ ಧಾಟಿ ಹೋಗಿಲ್ಲ. ಬೆಂಗಳೂರಿಂದ ಕಾರಿನಲ್ಲಿ ಬಂದವನು ಶೂ ಬಿಚ್ಚಿ ಕಾದ ಬಂಡೆಯ ಮೇಲೆ ಸುಮ್ಮನೆ ಬೀಳುತ್ತಾನೆಯೇ ಎಂದು ಅವರು ಕೇಳಿದರಂತೆ. ಬೀಳುವುದಿಲ್ಲ ಎಂದು ಎಲ್ಲರೂ ಒಪ್ಪಿದರು. ಒಬ್ಬನಿಗೆ ಚಿಕ್ಕಂದಿನಲ್ಲಿ ಆ ಮರದ ಹತ್ತಿರ ಉಚ್ಚೆ ಹೊಯ್ದು ಜ್ವರ ಬಂದದ್ದು ನೆನಪಾಯಿತು. ಇನ್ನೊಬ್ಬನ ಎಮ್ಮೆ ಆ ಬಂಡೆ ಕಂಡರೆ ಹಿಂದೆ ಸರಿಯುತ್ತಿತ್ತು. ಪುಸ್ತಕದ ಮೇಲೆ ಬಂಡೆಯ ಚಿತ್ರ, ಹಿಂದೆ ನನ್ನ ಫೋಟೋ. ಬಂಡೆ, ಮರ, ಒಬ್ಬ ಗಂಡಸು ಕೂತಿದ್ದಾನೆ, ಯಾರಿಗೂ ಕಾಣುವುದಿಲ್ಲ. ನಮ್ಮ ಕಡೆ ಇಷ್ಟಾದರೆ ಅದು ಮುನೇಶ್ವರನೇ. ಬೇರೆ ಯಾರೂ ಆಗಲು ಸಾಧ್ಯವಿಲ್ಲ.

ಮುನೇಶ್ವರ ನಮ್ಮ ಸೀಮೆಯ ಕಾವಲು ದೇವರು. ಅವನಿಗೆ ಮರದ ಬುಡ ಸಾಕು, ಮೂರು ಕಲ್ಲು ಸಾಕು. ಆದರೆ ಕೋಳಿ ಬೇಕು, ಸಾರಾಯಿ ಬೇಕು, ಚುಟ್ಟಾ ಬೇಕು. ನಲವತ್ತು ವರ್ಷ ಇಡಾ ಪಿಂಗಳಾ ನಾಡಿಗಳನ್ನು ಶೋಧಿಸಿದ ನನ್ನ ವಾಯುನಾಥ ಒಂದು ಟೀ ಕುಡಿಯುವಷ್ಟರಲ್ಲಿ ಚುಟ್ಟಾ ಹಿಡಿದ.

ನನಗೆ ವಿಷಯ ಗೊತ್ತಾದದ್ದು ದೊಡ್ಡಮ್ಮನ ಫೋನಿನಿಂದ. ಸೊಸೆಯ ಮೊಬೈಲಿನಲ್ಲಿ ಅವಳು ಮಾತಾಡಿದರೆ ಮೊಬೈಲು ಬೇಕಾಗಿಲ್ಲ, ಹೊಸೂರಿಗೆ ಹಾಗೆಯೇ ಕೇಳುತ್ತದೆ.

“ಲೋ ಮುನಿರಾಜ, ನಿನ್ನೋನ್ಯಾವನೋ ಬಂದು ನನ್ ಬಂಡೆ ಮ್ಯಾಲೆ ಕೂತವ್ನೆ ಕಣ್ಲಾ. ಬಂದು ಎಬ್ಬಿಸ್ಕೊಂಡ್ ಹೋಗು.”

“ಯಾರು ದೊಡ್ಡಮ್ಮಾ?”

“ನಂಗೇನ್ಲಾ ಗೊತ್ತು? ನೀನು ಬರ್ದೋನಂತೆ.”

ಹೋದೆ. ಬಂಡೆಯ ನಡುವೆ, ಸರಿಯಾಗಿ ದೊಡ್ಡಮ್ಮ ರಾಗಿ ಹರಡುತ್ತಿದ್ದ ಕಡೆ, ಅರಿಸಿನ ಬಳಿದ ಮೂರು ಕಲ್ಲು, ಒಂದು ತ್ರಿಶೂಲ. ಮುಂದೆ ಕೋಳಿಯ ಪುಕ್ಕ. ಕಲ್ಲಿಗೆ ಒರಗಿಸಿ ನನ್ನ ಪುಸ್ತಕ, ಅದರ ಮೇಲೆ ನನ್ನ ಹೆಸರೇ ಕಾಣದಷ್ಟು ಕುಂಕುಮ. ಓದಲಾಗದ ಪುಸ್ತಕಕ್ಕೆ ಕುಂಕುಮ ಬೇಗ ಬೀಳುತ್ತದೆ. ಹುಣಸೆಹಣ್ಣನ್ನು ಯಾರೋ ಗುಡಿಸಿ ಮೂಲೆಗೆ ಒಟ್ಟಿದ್ದರು.

ತಿಮ್ಮರಾಯಪ್ಪ ಮಾವ ನನ್ನನ್ನು ಕಂಡು ಶಾಲು ತರಿಸಲು ಹೇಳಿದರು. ನಾನು ಕೈ ಅಡ್ಡ ಹಿಡಿದೆ.

“ಮಾವ, ಈ ಯೋಗಿ ಕೋಳಿ ತಿನ್ನಲ್ಲ. ಗಾಳಿ ಬಿಟ್ರೆ ಏನೂ ಮುಟ್ಟಲ್ಲ.”

“ಇಟ್ಟಿದ್ದನ್ನ ಬ್ಯಾಡ ಅಂದ್ನಾ? ಬೆಳಿಗ್ಗೆ ನೋಡುದ್ರೆ ಎಲೆ ಖಾಲಿ.”

ಊರಿನ ನಾಯಿಗಳು ಮರದ ಕೆಳಗೆ ತೃಪ್ತಿಯಾಗಿ ಮಲಗಿದ್ದವು. ಆ ಕಡೆ ಯಾರೂ ನೋಡಲಿಲ್ಲ.

“ಇದೆಲ್ಲ ಕಲ್ಪನೆ ಮಾವ. ನನ್ನ ತಲೇಲಿ ಹುಟ್ಟಿದ್ದು.”

“ನಿನ್ ತಲೇಗೆ ಹಾಕ್ದೋರ್ಯಾರು ಅಳಿಯಾ?”

ಸಾಹಿತ್ಯ ಸಮಾರಂಭಗಳಲ್ಲಿ ಇದನ್ನೇ ಸುತ್ತಿ ಬಳಸಿ ಕೇಳುತ್ತಾರೆ. ಆಗ ಬರೆಯುವುದು ನಾನಲ್ಲ, ಯಾವುದೋ ಶಕ್ತಿ ಬರೆಸುತ್ತದೆ ಎಂದು ಹೇಳಿ ಚಪ್ಪಾಳೆ ಪಡೆದಿದ್ದೇನೆ.

“ನಿನ್ ಹೆಸ್ರೇನು?” ಎಂದು ಮಾವ ಗೊತ್ತಿದ್ದೂ ಕೇಳಿದರು.

“ಮುನಿರಾಜು.”

“ನೋಡುದ್ರಾ?” ಎಂದು ಸುತ್ತ ನಿಂತವರ ಕಡೆ ತಿರುಗಿದರು. ಮುನೇಶ್ವರನ ಹರಕೆಯಿಂದ ಹುಟ್ಟಿದವನು ನಾನು. ಊರಿನಲ್ಲಿ ಅರ್ಧ ಜನ ಆ ಹರಕೆಯವರೇ, ಆದರೆ ಆ ಹೊತ್ತಿಗೆ ಅದು ಲೆಕ್ಕಕ್ಕೆ ಬರಲಿಲ್ಲ.

ಮಾವ ಮುಂದಿನ ಯೋಜನೆ ವಿವರಿಸಿದರು. ಬಂಡೆಯ ಸುತ್ತ ಗ್ರಿಲ್ಲು. ಕೃಷ್ಣಗಿರಿಯಲ್ಲಿ ಅಳತೆ ಕೊಟ್ಟು ಬಂದಾಗಿದೆ. ಮೇಲೆ ತಗಡು. ಇನ್ನು ಮುಂದೆ ಅಲ್ಲಿ ಕಾಳುಕಡಿ ಒಣಗಿಸುವಂತಿಲ್ಲ, ಮೈಲಿಗೆ. ಯಾರೂ ಕೂರುವಂತಿಲ್ಲ. ಕೂರುವವರು ಎಂದರೆ ದೊಡ್ಡಮ್ಮ ಒಬ್ಬಳೇ ಎಂಬುದು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಹೆಸರು ಹೇಳಲಿಲ್ಲ. ತಾಲ್ಲೂಕು ಕಚೇರಿಗೆ ನಾನು ಮನವಿ ಕೊಡಬಹುದಿತ್ತು. ಆದರೆ ಪೊರಂಬೋಕು ಜಾಗದ ಮೇಲೆ ಅರ್ಜಿ ಹೋದರೆ ಅಧಿಕಾರಿಗಳು ಬಂದು ದೇವರನ್ನೂ ಎಬ್ಬಿಸುತ್ತಾರೆ, ದೊಡ್ಡಮ್ಮನನ್ನೂ ಎಬ್ಬಿಸುತ್ತಾರೆ.

ಮನೆಗೆ ಹೋದೆ. ದೊಡ್ಡಮ್ಮ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಗಳವನ್ನು ಬಾಗಿಲ ಹಿಂದೆ ಒರಗಿಸಿಟ್ಟಿದ್ದಳು. ಹಗಲು ಹೊತ್ತಿನಲ್ಲಿ ಅವಳ ಕೈ ಬರಿದಾಗಿದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಒಂದು ಸಲ ಮಡಿಲಲ್ಲಿ ಇಡುತ್ತಿದ್ದಳು, ಒಂದು ಸಲ ಕಂಬ ಹಿಡಿಯುತ್ತಿದ್ದಳು. ಬೆನ್ನು ಬಾಗಿತ್ತು. ಬಂಡೆಯ ಮೇಲೆ ಅದು ಯಾವತ್ತೂ ಬಾಗಿರಲಿಲ್ಲ. ನಾಲ್ಕು ಕಾದಂಬರಿಗಳಲ್ಲಿ ವೈರಾಗ್ಯವನ್ನು ಹೊಗಳಿದವನಿಗೆ, ಈ ಮುದುಕಿಯ ಬಂಡೆ ಹೋಗಬಾರದು ಎಂಬ ಒಂದೇ ಆಸೆ ಆ ಗಳಿಗೆಯಲ್ಲಿ ಉಸಿರು ಕಟ್ಟುವಷ್ಟಿತ್ತು.

“ಮನೆ ಸೊಸೇದು, ಹೊಲ ಮಗಂದು,” ಎಂದಳು. “ಬ್ಯಾಡ ಅನ್ನಲ್ಲ, ಚೆನ್ನಾಗ್ ನೋಡ್ಕೊತಾರೆ. ಬಂಡೆ ಒಂದ್ ನಂದಾಗಿತ್ತು ಕಣ್ಲಾ.”

ನಾನು ಜಗಲಿಯ ಮೇಲೆ ಅವಳ ಪಕ್ಕದಲ್ಲಿ ಕೂತೆ.

“ಬರ್ದೋನು ನೀನು. ಎದ್ದು ಹೋದ ಅಂತ ಇನ್ನೊಂದ್ ಬರಿ.”

“ಅದು ಆಗೋದಕ್ಕೆ ಎರಡು ಮೂರು ವರ್ಷ ಬೇಕು ದೊಡ್ಡಮ್ಮಾ. ಆಮೇಲೆ ಪ್ರಕಾಶಕರು ಒಪ್ಪಬೇಕು.”

“ಅಷ್ಟೊತ್ಗೆ ಗ್ರಿಲ್ ತುಕ್ಕು ಹಿಡ್ದಿರ್ತದೆ. ಹೂ ಕೇಳು.”

ಹೂ ಕೇಳುವುದು ಎಂದರೆ ದೇವರ ಅಪ್ಪಣೆ ಕೇಳುವುದು. ಕಲ್ಲಿನ ಎರಡೂ ಪಕ್ಕಕ್ಕೆ ಒದ್ದೆ ಹೂವು ಅಂಟಿಸಿ, ಕೇಳಬೇಕಾದದ್ದನ್ನು ಕೇಳಿ ಕಾಯಬೇಕು. ಬಲಗಡೆಯದು ಉದುರಿದರೆ ಹೂಂ, ಎಡಗಡೆಯದು ಉದುರಿದರೆ ಊಹೂಂ. ಮದುವೆ, ಕೊಳವೆಬಾವಿ, ಕೋರ್ಟು ಕೇಸು, ಎಲ್ಲ ನಮ್ಮಲ್ಲಿ ಹೀಗೆಯೇ ತೀರ್ಮಾನವಾಗುವುದು. ಇದಕ್ಕೆ ತಿಮ್ಮರಾಯಪ್ಪ ಮಾವ ಇಲ್ಲ ಎನ್ನುವ ಹಾಗಿರಲಿಲ್ಲ. ಬಂಡೆ ಬಿಟ್ಟು ಹುಣಸೇಮರದ ಬುಡಕ್ಕೆ ಬರಲು ಸ್ವಾಮಿ ಒಪ್ಪಿದರೆ ಗ್ರಿಲ್ಲನ್ನು ಮರಕ್ಕೇ ಹಾಕಿಸುವುದಾಗಿ ಒಪ್ಪಿದರು. ಕೇಳಬೇಕಾದವನು ಮಾತ್ರ ನಾನೇ. ಕರೆತಂದವನು ನಾನಲ್ಲವೇ.

ಭಾನುವಾರ ಬೆಳಿಗ್ಗೆ ಊರು ಸೇರಿತು. ನೆಲದ ಮೇಲೆ ಕೂರಲು ನನ್ನ ಮಂಡಿ ಒಪ್ಪದು ಎಂದಾಗ ಟೀ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ಬಂತು. ದೇವರ ಮುಂದೆ ಕುರ್ಚಿ ಹಾಕಿಕೊಂಡು ಅಪ್ಪಣೆ ಕೇಳಿದ ಮೊದಲ ಭಕ್ತ ನಾನೇ ಇರಬೇಕು. ನಡುವಿನ ಕಲ್ಲಿನ ಎರಡು ಪಕ್ಕಕ್ಕೂ ಒಂದೊಂದು ಸೇವಂತಿಗೆ ಅಂಟಿಸಿದರು. ಕೆಳಗೆ ಎಲೆಯ ಮೇಲೆ ಒಂದು ಹಿಡಿ ಅಕ್ಕಿ ಸುರಿದರು.

“ವಾಯುನಾಥಾ,” ಎಂದೆ. ಸುತ್ತ ಯಾರೋ ಕೆಮ್ಮಿದರು. “ಮುನೇಶ್ವರಾ,” ಎಂದು ತಿದ್ದಿಕೊಂಡೆ. “ದಯವಿಟ್ಟು ಮರದ ಕೆಳಗೆ ಹೋಗು.”

ಏನೂ ಆಗಲಿಲ್ಲ. ಬಿಸಿಲೇರಿತು. ಒಂದು ಘಟ್ಟದ ಮೇಲೆ ಪಾತ್ರಗಳು ಲೇಖಕನ ಮಾತು ಕೇಳುವುದಿಲ್ಲ ಎಂದು ನಾನು ಬಹಳ ಕಡೆ ಮೈಕಿನ ಮುಂದೆ ಹೇಳಿದ್ದೇನೆ. ಆಗ ಅದು ಹೆಮ್ಮೆಯ ಮಾತಾಗಿತ್ತು. ಈಗ ಕುರ್ಚಿಯಲ್ಲಿ ಕೂತು, ನಾನೇ ಹುಟ್ಟಿಸಿದವನಿಗೆ ನಾನೇ ಕೈ ಮುಗಿಯುತ್ತಿದ್ದೆ. ಇವನಿಗೆ ಹಟ ಕಲಿಸಿದವನೂ ನಾನೇ. ಚಕ್ರವರ್ತಿಯೇ ಬಂದು ಬೇಡಿಕೊಂಡರೂ ಅವನು ಆಸನ ಬಿಡುವುದಿಲ್ಲ ಎಂದು ಆರನೆಯ ಅಧ್ಯಾಯದಲ್ಲಿ ಬರೆದಿದ್ದೆ.

ಎಡಗಡೆಯ ಹೂವು ಸ್ವಲ್ಪ ಜಾರಿತು. ತಿಮ್ಮರಾಯಪ್ಪ ಮಾವ ಮುಂದೆ ಬಗ್ಗಿದರು.

ಆಗ ಜನರ ನಡುವೆ ದಾರಿ ಮಾಡಿಕೊಂಡು ದೊಡ್ಡಮ್ಮ ಬಂದಳು. ಸೊಂಟದಲ್ಲಿ ಹುಣಸೆಹಣ್ಣಿನ ಮಂಕರಿ, ಕೈಯಲ್ಲಿ ಗಳ.

“ಅಕ್ಕಾ, ಈಗ ಬರ್ಬಾರ್ದು,” ಎಂದರು ಮಾವ.

“ನಾನೇನ್ ಅವನ್ನ ಮುಟ್ಟಲ್ಲ. ನನ್ ಜಾಗ್ದಲ್ಲಿ ಕೂತ್ಕೊತೀನಿ.”

ಕೂತಳು. ಎಡಗಾಲು ಒಳಗೆ, ಬಲಗಾಲು ಮೇಲೆ, ತಲೆಗೆ ಸೆರಗು, ತೊಡೆಗೆ ಗಳ. ಬೆನ್ನು ನೆಟ್ಟಗಾಯಿತು. ಆಮೇಲೆ ಕಲ್ಲಿನ ಕಡೆ ತಿರುಗಿ, ಮನೆಗೆ ಬಂದ ನೆಂಟನ ಹತ್ತಿರ ಆಡುವ ದನಿಯಲ್ಲಿ ಮಾತಾಡಿದಳು.

“ನೋಡಪ್ಪಾ, ಬಂದಿದ್ದೀಯ, ಬ್ಯಾಡ ಅನ್ನಲ್ಲ. ಕೋಳಿ ತಿಂದೆ, ಚುಟ್ಟ ಸೇದ್ದೆ, ಸಂತೋಸ. ಆದ್ರೆ ಇದು ಬಿಸ್ಲು ಕಾಯೋ ಜಾಗ. ನಿಂಗ್ಯಾಕೆ ಈ ಕಷ್ಟ? ಆ ಮರದ ಬುಡ್ದಲ್ಲಿ ನೆಳ್ಳೈತೆ. ಹೋಗಿ ತಣ್ಗೆ ಕೂತ್ಕೋ. ಇಲ್ಲಿ ಹುಣಸೇಹಣ್ಣು ಒಣಗ್ಬೇಕು.”

ಇಷ್ಟು ಹೇಳಿ ಕಣ್ಣು ಅರ್ಧ ಮುಚ್ಚಿದಳು. ಆಗ ಒಂದು ಕೋಳಿ, ತಿಮ್ಮರಾಯಪ್ಪ ಮಾವನ ಮನೆಯದೇ, ಎಲೆಯ ಮೇಲಿನ ಅಕ್ಕಿಯನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದದ್ದು, ನಿಧಾನವಾಗಿ ಬಂಡೆ ಹತ್ತಿತು. ಕಲ್ಲಿನ ಬುಡಕ್ಕೆ ಬಂದು ಕೊಕ್ಕು ಇಟ್ಟಿತು. ಗಳ ಎದ್ದಿತು. ಕೋಳಿ ರೆಕ್ಕೆ ಬಡಿದು ಕಲ್ಲಿನ ಮೇಲಿಂದ ಹಾರಿತು. ಗಳ ತೊಡೆಗೆ ವಾಪಸು ಬಂತು. ಬಲಗಡೆಯ ಸೇವಂತಿಗೆ ಎಲೆಯ ಮೇಲೆ ಬಿದ್ದಿತ್ತು.

“ಕೊಟ್ಟ!” ಎಂದು ತಿಮ್ಮರಾಯಪ್ಪ ಮಾವನೇ ಮೊದಲು ಕೂಗಿದರು. ಜನ ಹೋ ಎಂದು ಕೈ ಮುಗಿದರು. ಹೂವು ಬಿದ್ದದ್ದು ಕೋಳಿಯ ರೆಕ್ಕೆ ತಾಗಿಯೋ, ಗಳದ ಗಾಳಿಗೋ, ಸ್ವಾಮಿಯ ಇಚ್ಛೆಯಿಂದಲೋ ನಾನು ಹೇಳಲಾರೆ. ಮೂರೂ ಒಂದೇ ಎಂದು ನನ್ನ ಕಾದಂಬರಿಯ ಕೊನೆಯ ಅಧ್ಯಾಯದಲ್ಲಿದೆ. ಅದನ್ನು ಬರೆಯುವಾಗ ನನಗೆ ಅರ್ಥವಾಗಿರಲಿಲ್ಲ.

ಕಲ್ಲುಗಳು ಮರದ ಬುಡಕ್ಕೆ ಹೋದವು. ಅಪ್ಪಣೆ ಕೊಟ್ಟ ಸ್ವಾಮಿಗೆ ಮಾವ ಚುಟ್ಟಾ ಹಚ್ಚಿಟ್ಟರು. ಅವನು ಸೇದಿ ಮಿಕ್ಕಿದ್ದನ್ನು ಪ್ರಸಾದವೆಂದು ನನ್ನ ಜೇಬಿಗೆ ಹಾಕಿದರು. ಆ ಕೋಳಿಯನ್ನು ಅದೇ ಮಧ್ಯಾಹ್ನ ಮುನೇಶ್ವರನಿಗೆ ಕೊಟ್ಟರು. ಇಷ್ಟು ದೊಡ್ಡ ಉಪಕಾರ ಮಾಡಿದ ಪಾತ್ರವನ್ನು ಹಾಗೆ ಮುಗಿಸಲು ನನಗೆ ಕೈ ಬರುತ್ತಿರಲಿಲ್ಲ. ಸಾರು ಚೆನ್ನಾಗಿತ್ತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಬೆಂಗಳೂರಿನವರು ಮತ್ತೆ ಬಂದರು. ಈ ಸಲ ನನಗೆ ಮೊದಲೇ ಫೋನ್ ಮಾಡಿದ್ದರಿಂದ ನಾನೂ ಹೋದೆ. ವಾಯುನಾಥರು ಕೂರುತ್ತಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ಕೂರಬಹುದೇ ಎಂದು ಅವರು ವಿನಯದಿಂದ ಕೇಳಿದರು. ದೊಡ್ಡಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿ, ಕೈಗೆ ಗಳ ಕೊಟ್ಟು, ನನ್ನನ್ನು ಕರೆದುಕೊಂಡು ಊಟಕ್ಕೆ ಹೋದಳು. ನಾವು ವಾಪಸು ಬಂದಾಗ ಅವರು ಕಣ್ಣು ಮುಚ್ಚಿ ಕೂತಿದ್ದರು. ಕೆನ್ನೆಯ ಮೇಲೆ ನೀರು ಇಳಿದಿತ್ತು. ಇಂಥ ಶಾಂತಿಯನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ ಎಂದರು. ಅವರ ಸುತ್ತ ಕೋಳಿಗಳಿಗೂ ಅದೇ ಅನುಭವವಾಗಿತ್ತು. ಒಂದು ಅಂಚಿನ ಅವರೆಕಾಳು ಪೂರ್ತಿ ಖಾಲಿಯಾಗಿತ್ತು.

ಅವರು ಹೋದ ಮೇಲೆ ದೊಡ್ಡಮ್ಮ ಕೇಳಿದಳು.

“ಕಣ್ ಮುಚ್ಕೊಂಡ್ ಕೂತ್ರೆ ಕೋಳಿ ತಿನ್ನಲ್ವೇನ್ಲಾ? ಇವ್ರಿಗ್ಯಾರು ಹಿಂಗ್ ಕೂರೋದು ಕಲ್ಸಿದ್ದು?”

“ನನ್ನ ಪುಸ್ತಕ ದೊಡ್ಡಮ್ಮಾ.”

“ಅಂಥಾದ್ದೇನ್ ಬರ್ದಿದ್ದೀಯ? ಓದು, ಕೇಳಾನ.”

ಕುಂಕುಮದ ಪುಸ್ತಕವನ್ನು ಒರೆಸಿಕೊಂಡು ತಂದೆ. ಬಂಡೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂರಲೂ ಆಗದೆ ನಿಂತುಕೊಂಡೇ ಓದಿದೆ. ವಾಯುನಾಥ ಕೂತದ್ದು, ಬಿಸಿಲು ನೆತ್ತಿಯಿಂದ ಬೆನ್ನಿಗೆ ಬಂದದ್ದು, ಒಂದು ಉಸಿರಿಗೂ ಇನ್ನೊಂದಕ್ಕೂ ನಡುವಿನ ಹೊತ್ತು. ಶಿಷ್ಯ ಕೇಳಿದ್ದು, ಗುರು ಹೇಳಿದ್ದು. ಅವಳು ಅರ್ಧ ಮುಚ್ಚಿದ ಕಣ್ಣಿನಲ್ಲಿ ಕೇಳುತ್ತಿದ್ದಳು. ಅಷ್ಟು ಹೆದರಿಕೊಂಡು ನಾನು ಯಾವ ವಿಮರ್ಶಕರ ಮುಂದೆಯೂ ಓದಿಲ್ಲ.

“ಇದು ನಾನಲ್ವೇನ್ಲಾ?” ಎಂದಳು.

“ಹೂಂ ದೊಡ್ಡಮ್ಮಾ. ನೀನೇ.”

“ಮೀಸೆ ಇಟ್ಟಿದ್ದೀಯ.”

“ಇಟ್ಟಿದ್ದೀನಿ.”

ಹುಣಸೆಹಣ್ಣಿನ ಮೇಲೆ ಒಂದು ಸಲ ಕೈಯಾಡಿಸಿದಳು.

“ಎಷ್ಟ್ ವರ್ಸ ಕೂರ್ಸಿದ್ದೀಯ ಅಂದೆ?”

“ನಲವತ್ತು.”

“ಊಟ?”

“ಇಲ್ಲ. ಬರೀ ಗಾಳಿ.”

ಅವಳು ಕಣ್ಣು ಪೂರ್ತಿ ತೆರೆದು ನನ್ನನ್ನು ನೋಡಿದಳು. ಬಂಡೆಯ ಮೇಲೆ ಕೂತಾಗ ಅವಳು ಹಾಗೆ ಕಣ್ಣು ತೆರೆದದ್ದನ್ನು ನಾನು ಕಂಡದ್ದು ಅದೇ ಮೊದಲು.

“ಅಲ್ಲ ಕಣ್ಲಾ ಪಾಪಿ, ನನ್ ತೊಡೆ ಮ್ಯಾಲೆ ಬೆಳ್ದೋನು ನೀನು. ಬೆಳಿಗ್ಗೆ ಅಂಬ್ಲಿ ಕುಡೀದೆ ನಾನ್ ಒಂದಿನ ಆದ್ರೂ ಇಲ್ಲಿ ಬಂದು ಕೂತಿದ್ನಾ? ನಲವತ್ ವರ್ಸ ಕೂರ್ಸಿ ಒಂದ್ ಚೊಂಬು ಅಂಬ್ಲಿ ಕೊಡಾಕ್ ನಿಂಗ್ ಮನಸ್ ಬರ್ನಿಲ್ವಾ?”

ಕಾದಂಬರಿ ಈಗ ಎರಡನೆಯ ಮುದ್ರಣಕ್ಕೆ ಹೋಗುತ್ತಿದೆ. ಒಂದೇ ಒಂದು ತಿದ್ದುಪಡಿ ಕಳಿಸಿದ್ದೇನೆ. ವಾಯುನಾಥ ಇನ್ನು ಮೇಲೆ ದಿನಾ ಬೆಳಿಗ್ಗೆ ಆಸನಕ್ಕೆ ಕೂರುವ ಮೊದಲು ಒಂದು ಚೊಂಬು ರಾಗಿ ಅಂಬಲಿ ಕುಡಿಯುತ್ತಾನೆ, ನೆಂಚಿಕೊಳ್ಳಲು ಈರುಳ್ಳಿ. ನಿನ್ನೆ ಪ್ರಕಾಶಕರು ಫೋನ್ ಮಾಡಿದ್ದರು. ‘ಗಾಳಿಯನ್ನುಂಡವನು’ ಎಂದು ಹೆಸರಿಟ್ಟು ಮೊದಲನೆಯ ಪುಟದಲ್ಲೇ ಅಂಬಲಿ ಕೊಟ್ಟರೆ ಯೋಗಶಾಸ್ತ್ರ ಏನಾಗಬೇಕು ಎಂದು ಕೇಳಿದರು. ಹೆಸರನ್ನು ಏನು ಬೇಕಾದರೂ ಮಾಡಿ, ಅಂಬಲಿ ಮಾತ್ರ ತೆಗೆಯಬೇಡಿ, ಅಲ್ಲಿ ಕೂತಿರುವವರಿಗೆ ವಯಸ್ಸಾಗಿದೆ ಎಂದೆ.